ಪರದೇಶ ಪ್ರವಾಸದಲ್ಲಿ ಅನಾಥಾಲಯಕ್ಕೆ ದಾನ ಕೊಡಬೇಕೆಂದರೆ: ಹುಬ್ಬಳ್ಳಿಯಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ನೃಪತುಂಗ ಬೆಟ್ಟಕ್ಕೆ ದಿನಾ ಬೆಳಿಗ್ಗೆ ವಾಕಿಂಗ್ ಬರುವ ನಮ್ಮ ಬಳಗದ ಹನ್ನೊಂದು ಮಂದಿ ಕೂಡಿ ಕೆಲವು ವರ್ಷಗಳ ಹಿಂದೆ ಕಾಂಬೋಡಿಯಾಕ್ಕೆ ಹೋಗಿದ್ದೆವು. ಅಂಕೋರ್ ವಾಟ್ ನೋಡುವುದು ಮುಖ್ಯ ಕೆಲಸ. ಅಷ್ಟು ದೂರ ಹೋಗ್ತೀವಿ, ಒಂದು ಪುಣ್ಯದ ಕೆಲಸನೂ ಆಗಲಿ ಅಂತ ದುರ್ಗದ ಬೈಲಿನಲ್ಲಿ ಅರವತ್ತು ನೋಟ್‌ಬುಕ್, ಪೆನ್ಸಿಲ್ ಡಬ್ಬಿ, ಚಾಕೊಲೇಟ್ ಎಲ್ಲ ಕೊಂಡು ಒಂದು ದೊಡ್ಡ ಬ್ಯಾಗಿಗೆ ತುಂಬಿದೆವು. ನೋಟ್‌ಬುಕ್ಕೇ ಹದಿನೈದು ಕೆ.ಜಿ. ತೂಗಿತು. ಬೆಂಗಳೂರು ಏರ್‌ಪೋರ್ಟಿನಲ್ಲಿ ಹೆಚ್ಚುವರಿ ಲಗೇಜಿಗೆ ಕಟ್ಟಿದ ದುಡ್ಡಿನಲ್ಲಿ ಇನ್ನೂ ಅರವತ್ತು ಬರುತ್ತಿದ್ದವು.

ಅಂಕೋರ್ ವಾಟ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ನಮ್ಮ ಟುಕ್‌ಟುಕ್ ಚಾಲಕನೇ ಒಂದು ಅನಾಥಾಲಯಕ್ಕೆ ಕರೆದೊಯ್ದ. ಬುಧವಾರ, ಮಧ್ಯಾಹ್ನ ಮೂರು ಗಂಟೆ. ಮಕ್ಕಳು ಶಾಲೆಯಲ್ಲಿರಬೇಕಾದ ಹೊತ್ತು. ನಾವು ಇಳಿಯುತ್ತಿದ್ದಂತೆ ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಹಾಡಿದರು, ಕುಣಿದರು. ನೋಟ್‌ಬುಕ್ ಇಡಲು ಕಪಾಟು ತೆರೆದಾಗ ಒಳಗೆ ಪ್ಲಾಸ್ಟಿಕ್ ಕೂಡ ಬಿಚ್ಚದ ನೋಟ್‌ಬುಕ್ಕಿನ ಕಟ್ಟುಗಳು ಕಂಡವು. ಒಂದರ ಮೇಲೆ ಕೊರಿಯನ್ ಚೀಟಿ, ಇನ್ನೊಂದರ ಮೇಲೆ ಜಪಾನಿ. ನಮ್ಮವನ್ನು ಅವುಗಳ ಮೇಲೇ ಪೇರಿಸಿದರು. ಹೊರಡುವಾಗ ಏಳೆಂಟು ವರ್ಷದ ಹುಡುಗನೊಬ್ಬ ನಮ್ಮ ಗೆಳೆಯರೊಬ್ಬರ ಕಿರುಬೆರಳು ಹಿಡಿದು, ಮತ್ತೆ ಬರ್ತೀರಾ ಅಂತ ಇಂಗ್ಲಿಷಿನಲ್ಲಿ ಕೇಳಿದ. ಅವರು ಬರ್ತೀನಿ ಅಂದರು. ಅವರು ಇಲ್ಲಿತನಕ ಹೋಗಿಲ್ಲ. ಬೆಟ್ಟದ ಮೆಟ್ಟಿಲು ಹತ್ತುವಾಗ ಈಗಲೂ ಒಮ್ಮೊಮ್ಮೆ ಅದನ್ನೇ ಹೇಳುತ್ತಾರೆ: "ಸುಮ್ನ ಅಂದಬಿಟ್ಟೆ ನೋಡ್ರಿ."

ಆಮೇಲೆ ನಾನು ಓದಿದೆ, ಕೇಳಿದೆ, ಒಂದೆರಡು ಸಲ ಮತ್ತೆ ಹೋಗಿಬಂದೆ. ಬ್ಯಾಂಕಿನಲ್ಲಿದ್ದವನು, ರಸೀದಿ ಕೇಳುವ ಚಾಳಿ ಬಿಟ್ಟಿಲ್ಲ. ಈಗ ಪ್ರವಾಸಕ್ಕೆ ಹೊರಟವರು ಕೇಳಿದರೆ ಇಷ್ಟು ಹೇಳುತ್ತೇನೆ.

ಮೊದಲು ತಿಳಿಯಬೇಕಾದ್ದು

ಅನಾಥಾಲಯದಲ್ಲಿರುವ ಮಕ್ಕಳೆಲ್ಲ ಅನಾಥರಲ್ಲ. ಕಾಂಬೋಡಿಯಾದ ಅನಾಥಾಲಯಗಳಲ್ಲಿರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆಂದು ಯುನಿಸೆಫ್ ಹೇಳುತ್ತ ಬಂದಿದೆ. 2005ರಿಂದ 2010ರೊಳಗೆ ಅಲ್ಲಿನ ಅನಾಥಾಲಯಗಳ ಸಂಖ್ಯೆ 154ರಿಂದ 269ಕ್ಕೆ ಏರಿತು. ಆ ಐದು ವರ್ಷದಲ್ಲಿ ಅಲ್ಲಿ ದೊಡ್ಡ ಯುದ್ಧವಿರಲಿಲ್ಲ, ದೊಡ್ಡ ಬರಗಾಲವಿರಲಿಲ್ಲ. ಹೆಚ್ಚಿದ್ದು ಪ್ರವಾಸಿಗರು. ಪ್ರವಾಸಿಗರು ಬರುವ ಊರುಗಳ ಸುತ್ತಲೇ ಅನಾಥಾಲಯಗಳು ಎದ್ದವು. ಮಗನಿಗೆ ಓದಿಸ್ತೀವಿ, ಉಣ್ಣಾಕ ಹಾಕ್ತೀವಿ ಅಂತ ಹಳ್ಳಿಯ ಬಡ ತಾಯಿಗೆ ಹೇಳಿ ಮಕ್ಕಳನ್ನು ಕರೆತರುವವರು ಹುಟ್ಟಿಕೊಂಡರು. ನಾವು ಚೆಲ್ಲುವ ಡಾಲರೇ ಆ ಮಗುವನ್ನು ಮನೆಯಿಂದ ಎಳೆದುತರುತ್ತದೆ. ಇದಕ್ಕೆ ಅನಾಥಾಲಯದ ಹೆಸರಿನ ಮಾನವ ಕಳ್ಳಸಾಗಣೆ ಎಂದೇ ಹೆಸರಿದೆ. ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಸಂದರ್ಭದಲ್ಲಿ ಇದನ್ನು ಗುಲಾಮಗಿರಿಯ ಒಂದು ಬಗೆ ಎಂದು ಗುರುತಿಸಿತು.

ನೇಪಾಳದ ಕಥೆಯೂ ಬೇರೆಯಲ್ಲ. ನಮ್ಮ ಕಡೆಯಿಂದ ಪಶುಪತಿನಾಥ, ಮುಕ್ತಿನಾಥ ಅಂತ ಬಸ್ಸುಗಟ್ಟಲೆ ಹೋಗುವವರು ಇದನ್ನು ಗಮನಿಸಬೇಕು. ಅಲ್ಲಿನ ಮಕ್ಕಳ ಗೃಹಗಳಲ್ಲಿ ಬಹುಪಾಲು ಕಠ್ಮಂಡು, ಲಲಿತಪುರ, ಪೋಖರಾ ಕಡೆಯ ಪ್ರವಾಸಿ ಜಿಲ್ಲೆಗಳಲ್ಲೇ ಇವೆ. ಮಕ್ಕಳು ಮಾತ್ರ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಂದ ಬಂದವರು. 2015ರ ಭೂಕಂಪದ ನಂತರ ದಾನದ ಹೊಳೆ ಹರಿಯುವುದನ್ನು ಕಂಡ ಅಲ್ಲಿನ ಸರ್ಕಾರ, ಕಾಗದಪತ್ರವಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆ ಒಯ್ಯುವುದಕ್ಕೆ ತಡೆ ಹಾಕಬೇಕಾಯಿತು.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಎತ್ತುತ್ತಾರೆ: "ಹಂಗಾದ್ರ ನಮ್ಮ ಮಠದ ಪ್ರಸಾದ ನಿಲಯದಾಗ ಬಡವರ ಮಕ್ಕಳು ಇರೂದಿಲ್ಲೇನ್ರಿ?" ಇರುತ್ತಾರೆ. ಧಾರವಾಡ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು ನಮ್ಮ ಬಳಗದಲ್ಲೇ ಇದ್ದಾರೆ. ಆದರೆ ಅಲ್ಲಿ ಬಿಟ್ಟು ಹೋದ ಅಪ್ಪ ಯಾರೆಂದು ಎಲ್ಲರಿಗೂ ಗೊತ್ತು, ಪಂಚಮಿಗೆ ಹುಡುಗ ಊರಿಗೆ ಹೋಗುತ್ತಿದ್ದ, ಅವನನ್ನು ಅನಾಥ ಅಂತ ಯಾರೂ ಕರೆಯಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಅಂಧ ಮಕ್ಕಳು ಹಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಅದು ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿದ ವಿದ್ಯೆ. ಆ ಮಕ್ಕಳು ಹಾಡುವುದು ಬದುಕು ಕಟ್ಟಿಕೊಳ್ಳಲು. ಟುಕ್‌ಟುಕ್ ಬಂತೆಂದು ಎದ್ದು ನಿಂತು ಕುಣಿಯುವುದು ಬೇರೆ.

ಒಂದನೆಯದು: ಹೋಗಲೇಬೇಕೆ ಎಂದು ಮನೆಯಲ್ಲೇ ತೀರ್ಮಾನಿಸಿ

ಹತ್ತರಲ್ಲಿ ಎಂಟು ಸಲ ಉತ್ತರ ಬೇಡ ಎಂದೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊಡುವುದು ಬೇರೆ, ಹೋಗಿ ನೋಡುವುದು ಬೇರೆ. ಹೋಗದೆಯೂ ಕೊಡಬಹುದು.

ನಮ್ಮ ದೇಶದ ಕಾನೂನನ್ನೇ ನೋಡಿ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆ ನೋಂದಣಿಯಾಗಿರಲೇಬೇಕು. ಇನ್ನು 74ನೇ ಕಲಮಿನ ಪ್ರಕಾರ ಅಲ್ಲಿರುವ ಮಗುವಿನ ಹೆಸರು, ಫೋಟೊ, ಗುರುತು ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಇಲ್ಲಿನ ಬಾಲಮಂದಿರದ ಮಗುವಿನ ಜೊತೆ ಸೆಲ್ಫಿ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅಪರಾಧ. ಅದೇ ಕೆಲಸ ಪರದೇಶದಲ್ಲಿ ಮಾಡಿದರೆ ಪುಣ್ಯ ಹೇಗಾಗುತ್ತದೆ?

ಇನ್ನೊಂದು ವಿಚಾರ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯದ 136 ಶಿಶುಗಳನ್ನು ಎರಡು ಗುಂಪು ಮಾಡಿ, ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಸಾಕುಮನೆಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆಯೂ ಒಡನಾಟವೂ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಹೋದವರದ್ದು ಇನ್ನೂ ಚೆನ್ನಾಗಿತ್ತು. ಕಟ್ಟಡ ಎಷ್ಟೇ ಚೆಂದವಿರಲಿ, ಮಗುವಿಗೆ ದಿನಾ ಅದೇ ಮುಖ ಬೇಕು. ಕಂಡವರ ತೊಡೆಯೇರುವ ಮಗುವನ್ನು ನೋಡಿ "ಎಷ್ಟ್ ಪ್ರೀತಿ ನೋಡ್ರಿ" ಅಂತ ನಮ್ಮ ಬಳಗದ ಅಕ್ಕನವರು ಕಣ್ಣೊರೆಸಿಕೊಂಡರು. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಅವ್ವನ ಸೆರಗಿನ ಹಿಂದೆ ಅಡಗುತ್ತದೆ. ಯಾರ ತೊಡೆಯಾದರೂ ಸರಿ ಎಂದು ಏರಿದರೆ ಚಿಂತೆ ಮಾಡಬೇಕು.

ಎರಡನೆಯದು: ಒಂದೂವರೆ ತಿಂಗಳು ಮೊದಲೇ ಪತ್ರ ಬರೆಯಿರಿ

ಟೂರ್‌ನವರು ತೋರಿಸಿದ, ಚಾಲಕ ಕರೆದೊಯ್ದ, ಹೋಟೆಲ್‌ನ ಟೇಬಲ್ಲಿನ ಮೇಲೆ ಕರಪತ್ರ ಇಟ್ಟ ಜಾಗಕ್ಕೆ ಬೇಡ. ನೀವೇ ಹುಡುಕಿ, ಇಮೇಲ್ ಮಾಡಿ. ಇಂಗ್ಲಿಷ್ ಬರೆಯಲು ಮುಜುಗರವಾದರೆ ಮೊಮ್ಮಕ್ಕಳಿಗೆ ಹೇಳಿ, ಐದು ನಿಮಿಷದ ಕೆಲಸ. ಕೇಳಬೇಕಾದ ಪ್ರಶ್ನೆ ಇವು: ನಿಮ್ಮ ಸಂಸ್ಥೆಯ ನೋಂದಣಿ ಯಾವ ಇಲಾಖೆಯಲ್ಲಿದೆ? ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ತಂದೆತಾಯಿ ಅಥವಾ ಹತ್ತಿರದ ನೆಂಟರಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮರಳಿ ಮನೆ ಸೇರಿದರು? ಮಕ್ಕಳ ಸುರಕ್ಷತೆಗೆ ಲಿಖಿತ ನಿಯಮ ಇದೆಯೇ? ಸಂದರ್ಶಕರು ಮಕ್ಕಳ ಜೊತೆ ಬೆರೆಯಬಹುದೇ? ಈಗ ನಿಮಗೆ ನಿಜವಾಗಿ ಏನು ಬೇಕು?

ಮೂರನೆಯ ಪ್ರಶ್ನೆಯೇ ಜೀವಾಳ. ಮಕ್ಕಳನ್ನು ಮನೆಗೆ ಸೇರಿಸುವ ಕೆಲಸ ಮಾಡುವವರು ಅದನ್ನು ಖುಷಿಯಿಂದ ಬರೆಯುತ್ತಾರೆ, ಎರಡು ಪುಟ ಬರೆಯುತ್ತಾರೆ. ದುಡ್ಡಿಗಾಗಿ ಮಕ್ಕಳನ್ನು ಇಟ್ಟುಕೊಂಡವರು ಆ ಪ್ರಶ್ನೆಯನ್ನು ಜಾರಿಸಿ, "ಬನ್ನಿ, ಮಕ್ಕಳು ನಿಮಗಾಗಿ ಕಾಯುತ್ತಿದ್ದಾರೆ" ಅನ್ನುತ್ತಾರೆ. ಎರಡನೇ ಪ್ರವಾಸಕ್ಕೆ ಮೊದಲು ನಾನು ನಾಲ್ಕು ಕಡೆ ಬರೆದೆ. ಎರಡು ಕಡೆಯಿಂದ ಸ್ವಾಗತ ಬಂತು, ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ನಾಲ್ಕನೆಯವರು, ಮಕ್ಕಳನ್ನು ಭೇಟಿ ಮಾಡಿಸುವುದಿಲ್ಲ, ಕಚೇರಿಗೆ ಬಂದರೆ ಕೆಲಸ ವಿವರಿಸುತ್ತೇವೆ ಅಂತ ಬರೆದರು. ಮೊದಲು ಸಿಟ್ಟು ಬಂತು. ಆಮೇಲೆ ದುಡ್ಡು ಅವರಿಗೇ ಕೊಟ್ಟೆ.

ಮೂರನೆಯದು: ಸಾಮಾನು ಒಯ್ಯುವ ಗೋಜು ಬಿಡಿ

ಹಳೆ ಸ್ವೆಟರ್ ಬೇಡ, ಕಾಂಬೋಡಿಯಾದಲ್ಲಿ ಡಿಸೆಂಬರಿನಲ್ಲೂ ಬೆವರು ಸುರಿಯುತ್ತದೆ. ಔಷಧಿ ಅಂತೂ ಬೇಡವೇ ಬೇಡ. ಪೇಡಾ ಒಯ್ಯುವವರಿಗೆ ಕೈಮುಗಿದು ಹೇಳುತ್ತೇನೆ, ಲೈನ್ ಬಜಾರಿನ ಪೇಡಾ ನಿಮ್ಮ ಬಾಯಿಗೇ ಇರಲಿ. ಆ ಸೆಕೆಯಲ್ಲಿ ಎರಡು ದಿನ ಬ್ಯಾಗಿನಲ್ಲಿದ್ದ ಖೋವಾ ಯಾರ ಮಗುವಿಗೂ ಕೊಡುವಂಥದ್ದಲ್ಲ.

ಏನಾದರೂ ಬೇಕೆಂದು ಅವರೇ ಪಟ್ಟಿ ಕೊಟ್ಟಿದ್ದರೆ ಅಲ್ಲೇ ಕೊಳ್ಳಿ. ಸಿಯೆಮ್ ರೀಪ್‌ನ ಫ್ಸಾರ್ ಚಾಸ್, ಅಂದರೆ ಹಳೇ ಮಾರ್ಕೆಟ್, ನಮ್ಮ ದುರ್ಗದ ಬೈಲಿನ ಹಾಗೆಯೇ. ಒಂದು ಬದಿ ಮೀನು, ಒಂದು ಬದಿ ಬಟ್ಟೆ, ನಡುವೆ ಚೌಕಾಸಿ. ಅಲ್ಲಿನ ಅಂಗಡಿಯವನಿಗೂ ನಾಲ್ಕು ಕಾಸು ಆಗುತ್ತದೆ, ಅಲ್ಲಿನ ಶಾಲೆಗೆ ಹೊಂದುವ ಪುಸ್ತಕವೂ ಸಿಗುತ್ತದೆ. ನಾವು ಒಯ್ದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇಂಗ್ಲಿಷ್ ಮಗ್ಗಿ ಇತ್ತು. ಅಲ್ಲಿನ ಖ್ಮೇರ್ ಲಿಪಿಯ ಅಂಕಿಗಳೇ ಬೇರೆ.

ಸಾಮಾನನ್ನು ಕಚೇರಿಯಲ್ಲಿ ಕೊಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೆ ಕೊಡುವ ಕಾರ್ಯಕ್ರಮ ಬೇಡ.

ನಾಲ್ಕನೆಯದು: ದುಡ್ಡು

ಇದರಲ್ಲಿ ಮಾತ್ರ ನಾನು ಸ್ವಲ್ಪ ಬಿಗಿ. ಯಾರ ಕೈಗೂ ನಗದು ಕೊಡಬೇಡಿ, ನಿರ್ದೇಶಕರ ಕೈಗೂ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿ, ಅಥವಾ ಅವರ ವೆಬ್‌ಸೈಟಿನಲ್ಲಿ ಕಾರ್ಡಿನಿಂದ ಕಟ್ಟಿ. ಖಾತೆ ವ್ಯಕ್ತಿಯ ಹೆಸರಿನಲ್ಲಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಹುಬ್ಬಳ್ಳಿಯ ನಿಮ್ಮ ಬ್ಯಾಂಕಿನಿಂದಲೇ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದಾನವೂ ಅದರೊಳಗೇ ಬರುತ್ತದೆ. ಪ್ಯಾನ್ ಕಾರ್ಡ್ ಬೇಕು, ಹೊರದೇಶಕ್ಕೆ ಹಣ ಕಳಿಸುವ ಎ2 ಅರ್ಜಿ ತುಂಬಬೇಕು. ಸಣ್ಣ ಮೊತ್ತಕ್ಕೆ ಬ್ಯಾಂಕಿನ ಶುಲ್ಕವೇ ಭಾರವಾಗುತ್ತದೆ, ಹಾಗಾಗಿ ನಾಲ್ಕಾರು ಮಂದಿ ಕೂಡಿಸಿ ಒಬ್ಬರ ಹೆಸರಿನಲ್ಲಿ ಕಳಿಸೋಣ ಎನಿಸುತ್ತದೆ. ಹಾಗೆ ಮಾಡಬೇಡಿ, ತಂತಮ್ಮ ಹೆಸರಿನಲ್ಲೇ ಕಾರ್ಡಿನಿಂದ ಕಟ್ಟುವುದು ವಾಸಿ. ಪರದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ಇಲ್ಲ. ಲೆಕ್ಕಪರಿಶೋಧಕರ ಹತ್ತಿರ ಆ ರಸೀದಿ ಒಯ್ದು ಜಗಳ ತೆಗೆಯಬೇಡಿ.

ನಗದು ಖರ್ಚಿಗೆ ಡಾಲರ್ ಒಯ್ಯುವಾಗ ನೋಟು ಗರಿಗರಿಯಾಗಿರಲಿ. ಕಾಂಬೋಡಿಯಾದಲ್ಲಿ ರಿಯೆಲ್ ಜೊತೆ ಡಾಲರೂ ಓಡುತ್ತದೆ, ಆದರೆ ಅಂಚು ಹರಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ಮೊದಲ ಸಲ ಸಣ್ಣ ಮೊತ್ತ ಕೊಡಿ. ಉತ್ತರ, ಲೆಕ್ಕ ಹೇಗೆ ಬರುತ್ತದೆ ನೋಡಿ ಮುಂದಿನ ವರ್ಷ ಹೆಚ್ಚಿಸಿ.

ಇದರ ಉಲ್ಟಾ ಕೇಸೂ ನಮ್ಮೂರಲ್ಲಿದೆ. ಅಮೆರಿಕದಲ್ಲಿರುವ ಮಗ ರಜೆಗೆ ಬಂದು, ಹಾವೇರಿ ಕಡೆಯ ಯಾವುದೋ ಮಕ್ಕಳ ಸಂಸ್ಥೆಗೆ ಕೊಡುತ್ತೇನೆ ಅನ್ನುತ್ತಾನೆ. ಭಾರತದ ಪಾಸ್‌ಪೋರ್ಟ್ ಇದ್ದವನು ತನ್ನ ಉಳಿತಾಯದಿಂದ ಕೊಟ್ಟರೆ ತೊಂದರೆಯಿಲ್ಲ. ಅಮೆರಿಕದ ಪೌರನಾಗಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇಟ್ಟುಕೊಂಡವನಾದರೆ ಅದು ವಿದೇಶಿ ವಂತಿಗೆ. ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರದ ನಿಯಮ ಇದು. ಗೊತ್ತಿಲ್ಲದೆ ಕೊಟ್ಟರೆ ಸಿಕ್ಕಿಬೀಳುವುದು ಆ ಸಂಸ್ಥೆ.

ಐದನೆಯದು: ಹೋಗುವುದೇ ಆದರೆ

ಅವರೇ ಒಪ್ಪಿ, ದಿನ ಗೊತ್ತುಮಾಡಿ, ಬನ್ನಿ ಅಂದಿದ್ದರೆ ಹೋಗಿ. ಹನ್ನೊಂದು ಮಂದಿ ಅಲ್ಲ, ಇಬ್ಬರು ಅಥವಾ ಮೂವರು. ಶಾಲೆಯ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ಬೇಡ. ಪಾಸ್‌ಪೋರ್ಟ್ ತೋರಿಸಿ, ಪುಸ್ತಕದಲ್ಲಿ ಸಹಿ ಮಾಡಿ ಅಂದರೆ ಅದು ಒಳ್ಳೆಯ ಲಕ್ಷಣ, ಮುಖ ಗಂಟಿಕ್ಕಬೇಡಿ. ಏನೂ ಕೇಳದೆ ಒಳಬಿಟ್ಟರೆ ಯೋಚಿಸಿ: ನಿಮ್ಮನ್ನು ಬಿಟ್ಟ ಹಾಗೆ ಇನ್ನು ಯಾರ್ಯಾರನ್ನು ಬಿಟ್ಟಿರಬಹುದು?

ಮೊಬೈಲ್ ಜೇಬಿನಲ್ಲೇ ಇರಲಿ. ಬೆನ್ನು ಕಾಣುವ ಹಾಗೆ ತೆಗೀತೀನ್ರಿ ಅನ್ನುವವರೂ ಇದ್ದಾರೆ, ಬೆನ್ನೂ ಬೇಡ. ಮಗುವನ್ನು ಎತ್ತಿಕೊಳ್ಳಬೇಡಿ, ಒಬ್ಬರೇ ಮಗುವಿನ ಜೊತೆ ಕೋಣೆಯಲ್ಲಿ ಕೂರಬೇಡಿ, ನಿಮ್ಮ ಅಪ್ಪ ಅವ್ವ ಎಲ್ಲಿ ಎಂದು ಕೇಳಬೇಡಿ. ಮತ್ತೆ ಬರುತ್ತೇನೆ ಅನ್ನಬೇಡಿ. ಆ ಒಂದು ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ ಅಂದುಕೊಂಡರೂ ಆದೀತು. ಕೈಬೀಸಿ, ನಗಿ, ಹೊರಡಿ. ಮಾತೆಲ್ಲ ಸಿಬ್ಬಂದಿಯ ಜೊತೆ ಇರಲಿ: ಅಡುಗೆಮನೆ ಹೇಗಿದೆ, ನೀರು ಎಲ್ಲಿಂದ, ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ. ಮುಕ್ಕಾಲು ಗಂಟೆ ಸಾಕು.

ಸ್ವಂತ ಮಕ್ಕಳನ್ನು ಕರೆದುಕೊಂಡು ಹೋಗಿ, "ನೋಡು, ನೀ ಎಷ್ಟ್ ಪುಣ್ಯಾ ಮಾಡಿ ಬಂದೀ" ಅಂತ ಪಾಠ ಹೇಳುವ ಅಪ್ಪಂದಿರಿದ್ದಾರೆ. ಪಾಠಕ್ಕೆ ಬೇರೆ ಮಕ್ಕಳನ್ನು ಸ್ಲೇಟು ಮಾಡಿಕೊಳ್ಳಬಾರದು. ನಿಮ್ಮ ಮಗನಿಗೆ ಅವನ ಪಿಗ್ಗಿ ಬ್ಯಾಂಕ್ ಒಡೆಯಲು ಹೇಳಿ, ಅಷ್ಟು ಸಾಕು.

ಬೀದಿಯಲ್ಲಿ ಎದುರಾಗುವುದು

ಸಿಯೆಮ್ ರೀಪ್‌ನ ಪಬ್ ಸ್ಟ್ರೀಟ್ ಬಳಿ ಸಂಜೆ ಹಸುಗೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ನಮ್ಮ ಅಕ್ಕನವರ ಹತ್ತಿರ ಬಂದಳು. ದುಡ್ಡು ಬೇಡ, ಕೂಸಿಗೆ ಹಾಲಿನ ಪುಡಿ ಕೊಡಿಸಿ ಅಂದಳು. ದುಡ್ಡು ಬೇಡ ಅಂದದ್ದೇ ಮನಸ್ಸು ಕರಗಿಸಿತು. ಅವಳೇ ತೋರಿಸಿದ ಅಂಗಡಿ, ಅವಳೇ ಬೆರಳು ಮಾಡಿದ ದೊಡ್ಡ ಡಬ್ಬಿ. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಪಸು ಬರುವಾಗ ಅದೇ ಡಬ್ಬಿ ಅಂಗಡಿಯ ಕಪಾಟಿನಲ್ಲಿತ್ತು. ಮುಚ್ಚಳದ ಮೇಲಿನ ನಗ್ಗಿದ ಗುರುತು ನೋಡಿ ಅಕ್ಕನವರೇ ಪತ್ತೆ ಹಚ್ಚಿದರು. ಇದು ಅಲ್ಲಿನ ಹೆಸರಾಂತ ವಂಚನೆ: ಡಬ್ಬಿ ಅಂಗಡಿಗೆ ಮರಳುತ್ತದೆ, ದುಡ್ಡು ಹಂಚಿಕೆಯಾಗುತ್ತದೆ. ಕೂಸು ಮಾತ್ರ ನಡುರಾತ್ರಿಯವರೆಗೆ ಬೀದಿಯಲ್ಲೇ.

ಗುಡಿಗಳ ಮುಂದೆ ಪೋಸ್ಟ್‌ಕಾರ್ಡ್, ಬಳೆ ಮಾರುವ ಮಕ್ಕಳಿಂದಲೂ ಕೊಳ್ಳಬೇಡಿ. ಕಷ್ಟ, ಗೊತ್ತು. ಆದರೆ ಮಗು ದುಡಿದು ತರುವಷ್ಟು ದಿನ ಮನೆಯವರು ಶಾಲೆಗೆ ಕಳಿಸುವುದಿಲ್ಲ. ದೊಡ್ಡವರ ಹತ್ತಿರ ಕೊಳ್ಳಿ, ಚೌಕಾಸಿ ಕಡಿಮೆ ಮಾಡಿ. ಚಾಲಕ ಅನಾಥಾಲಯಕ್ಕೆ ಹೋಗೋಣ ಅಂತ ಒತ್ತಾಯಿಸಿದರೆ, ಬೇಡ, ಊಟಕ್ಕೆ ಕರೆದುಕೊಂಡು ಹೋಗು ಅನ್ನಿ. ಕಮಿಷನ್ ಅಲ್ಲೂ ಸಿಗುತ್ತದೆ, ಬೇಸರ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಎಲ್ಲಿ ಕೊಡಬೇಕು

ಮಕ್ಕಳು ತಮ್ಮ ಮನೆಯಲ್ಲೇ ಉಳಿಯುವಂತೆ ಮಾಡುವ ಕಡೆ ಕೊಡಿ. ಮನೆಯಲ್ಲಿ ಕಾಯಿಲೆ ಬಿದ್ದು ಸಾಲವಾದಾಗ, ಶಾಲೆ ದೂರವಾದಾಗ, ಅಪ್ಪ ಥಾಯ್ಲೆಂಡಿಗೆ ಕೂಲಿಗೆ ಹೋದಾಗ ಮಗು ಅನಾಥಾಲಯ ಸೇರುತ್ತದೆ. ಹಾಗಾಗಿ ಆಸ್ಪತ್ರೆ, ಶಾಲೆ, ತಾಯಂದಿರ ದುಡಿಮೆ ಇವಕ್ಕೆ ಹೋದ ದುಡ್ಡು ಮಗುವನ್ನು ಮನೆಯಲ್ಲೇ ಹಿಡಿದಿಡುತ್ತದೆ.

ಸಿಯೆಮ್ ರೀಪ್‌ನಲ್ಲೇ 1999ರಲ್ಲಿ ಶುರುವಾದ ಅಂಕೋರ್ ಮಕ್ಕಳ ಆಸ್ಪತ್ರೆ ಇದೆ. ಜಪಾನಿನ ಛಾಯಾಗ್ರಾಹಕ ಕೆನ್ರೊ ಇಜು ಅಂಕೋರ್‌ನ ಗುಡಿಗಳ ಫೋಟೊ ತೆಗೆಯಲು ಬಂದವರು, ಅಲ್ಲಿನ ಮಕ್ಕಳ ಸ್ಥಿತಿ ನೋಡಿ ಅದನ್ನು ಕಟ್ಟಿಸಿದರು. ಸ್ವಿಟ್ಜರ್ಲೆಂಡಿನ ವೈದ್ಯ ಬೀಟ್ ರಿಚ್ನರ್ ಕಟ್ಟಿದ ಕಾಂಥಾ ಬೋಫಾ ಮಕ್ಕಳ ಆಸ್ಪತ್ರೆಗಳ ಬಳಗದ ಜಯವರ್ಮನ್ ಆಸ್ಪತ್ರೆಯೂ ಅಲ್ಲೇ. ಪ್ರತಿ ವಾರ ಸೆಲ್ಲೊ ವಾದ್ಯ ನುಡಿಸಿ ಪ್ರವಾಸಿಗರಿಂದ ದುಡ್ಡು, ರಕ್ತ ಎರಡನ್ನೂ ಕೇಳುತ್ತಿದ್ದ ಅವರು 2018ರಲ್ಲಿ ತೀರಿಕೊಂಡರು. ನಮ್ಮ ಎರಡನೇ ಪ್ರವಾಸದಲ್ಲಿ ಐವತ್ತರೊಳಗಿನ ಇಬ್ಬರು ಅಲ್ಲಿ ರಕ್ತ ಕೊಟ್ಟರು. ಸಕ್ಕರೆ, ಬಿಪಿ ಮಾತ್ರೆಯವರಾದ ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಹದಿನೈದು ಕೆ.ಜಿ. ನೋಟ್‌ಬುಕ್ ಹೊತ್ತದ್ದಕ್ಕಿಂತ ಅದು ಸುಲಭ.

ಮಕ್ಕಳ ಕಲೆ ನೋಡುವ ಆಸೆಯಿದ್ದರೆ ಸಂಜೆ ಸಿಯೆಮ್ ರೀಪ್‌ನ ಫಾರೆ ಸರ್ಕಸ್ಸಿಗೆ ಟಿಕೆಟ್ ತೆಗೆಸಿ. ಬಟ್ಟಂಬಾಂಗ್‌ನಲ್ಲಿ 1994ರಲ್ಲಿ ಶುರುವಾದ ಕಲಾಶಾಲೆಯಲ್ಲಿ ಕಲಿತ ಯುವಕ ಯುವತಿಯರು ಅಲ್ಲಿ ಸಂಬಳಕ್ಕೆ ಆಡುತ್ತಾರೆ, ಲಾಭದ ಪಾಲು ಶಾಲೆಗೆ ಹೋಗುತ್ತದೆ. ಆಡುವವರೆಲ್ಲ ದೊಡ್ಡವರು, ತಮ್ಮ ವಿದ್ಯೆಗೆ ಕೂಲಿ ಪಡೆಯುವವರು. ಚಪ್ಪಾಳೆ ತಟ್ಟಲು ಮುಜುಗರವಾಗುವುದಿಲ್ಲ.

ಮರಳಿದ ಮೇಲೆ

ರಸೀದಿ ಇಮೇಲ್‌ನಲ್ಲಿ ಬಂದಿದೆಯೇ ನೋಡಿ. ಮೂರು ತಿಂಗಳ ನಂತರ ಒಂದು ಪತ್ರ ಹಾಕಿ, ಕೆಲಸ ಎಲ್ಲಿಗೆ ಬಂತು ಅಂತ ಕೇಳಿ. ಅನುಮಾನ ಹುಟ್ಟಿಸಿದ ಜಾಗ ಕಂಡಿದ್ದರೆ ಚೈಲ್ಡ್‌ಸೇಫ್ ಎಂಬ ಮಕ್ಕಳ ರಕ್ಷಣೆಯ ಜಾಲಕ್ಕೆ ತಿಳಿಸಬಹುದು; "ಮಕ್ಕಳು ಪ್ರವಾಸಿ ತಾಣಗಳಲ್ಲ" ಎಂಬ ಪ್ರಚಾರ ನಡೆಸಿದವರು ಅವರೇ. ಇಲ್ಲೇ ನಮ್ಮೂರಲ್ಲಿ ಅಂಥದ್ದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಬರುವ ನವೆಂಬರಿಗೆ ನಮ್ಮ ಬಳಗದ ಇನ್ನೂ ಆರು ಮಂದಿ ಹೊರಟಿದ್ದಾರೆ. ಮೊನ್ನೆ ಬೆಟ್ಟದ ಮೇಲೆ, "ನೋಟ್‌ಬುಕ್ ಎಷ್ಟ್ ಒಯ್ಯೂಣ್ರಿ?" ಅಂತ ಕೇಳಿದರು. ಖಾಲಿ ಬ್ಯಾಗ್ ಒಯ್ಯಿರಿ ಅಂದೆ. ಅಲ್ಲಿನ ಕಾಂಪೋಟ್ ಕರಿಮೆಣಸು ಬ್ಯಾಡಗಿ ಸೀಮೆಯವರೂ ಒಪ್ಪುವಂಥದ್ದು. ಬರುವಾಗ ನನಗೂ ಅರ್ಧ ಕೆ.ಜಿ. ತರಲು ಜಾಗ ಬೇಕು.